ಹುಣಸೂರು ಡಾಕ್ಟರ ಮನೆಗೆ ಬಂದ ಕರೆ

ವಾಲ್ಟರ್ ಸುಳ್ಳು ಹೇಳಲಿಲ್ಲ. ಅವತ್ತು ಮಧ್ಯಾಹ್ನ ಅವರು ನಮ್ಮ ಮನೆಗೆ ಫೋನ್ ಮಾಡಿದ್ದು ನಿಜ. ಎತ್ತಿದವಳು ನಾನು. ಡಾಕ್ಟರು ಊರಲ್ಲಿಲ್ಲ ಎಂದವಳೂ ನಾನೇ — ಡಾಕ್ಟರು, ಅಂದರೆ ನನ್ನ ಗಂಡ, ಆಗ ನನ್ನ ಕಾಲಡಿಯ ಬೇಸ್‌ಮೆಂಟಿನಲ್ಲಿ, ಹದಿಮೂರು ಮೆಟ್ಟಿಲು ಕೆಳಗೆ ಕೂತಿದ್ದರು.

ಇಷ್ಟು ಹೇಳಲು ನನಗೆ ನಲವತ್ತೈದು ವರ್ಷ ಹಿಡಿಯಿತು. ಈಗ ಲಿಸ್ಲ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಇಲ್ಲಿಂದ ಐ-88 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ನೂರು ಮೈಲಿ ಹೋದರೆ ಆ ಕೌಂಟಿ. ಕಣ್ಣು ಹಾಯುವಷ್ಟು ದೂರ ಮುಸುಕಿನ ಜೋಳ, ನಡುವೆ ನಾಲ್ಕಾರು ಬೀದಿಗಳ ಪುಟ್ಟ ಊರುಗಳು. ಅಂಥ ಒಂದು ಊರಿಗೆ ನಮ್ಮ ಯಜಮಾನರು ಒಬ್ಬರೇ ಡಾಕ್ಟರು. ಎಚ್. ಎಸ್. ರಾಮಚಂದ್ರ ಅವರ ಹೆಸರು. ಇನಿಷಿಯಲ್ ಬಿಡಿಸಿ ಬರೆಯಿರಿ ಎಂದು ಆಫೀಸಿನವರು ಕೇಳಿದಾಗ ಎಚ್ ಎಂದರೆ ಹುಣಸೂರು ಎಂದು ಬರೆದುಕೊಟ್ಟರು ಪುಣ್ಯಾತ್ಮರು. ಅಂದಿನಿಂದ ಅವರು ಇಡೀ ಕೌಂಟಿಗೆ 'ಡಾಕ್ಟರ್ ಹನ್ಸರ್' ಆದರು. ಊರ ಹೆಸರಿನಿಂದ ತಮ್ಮನ್ನು ಕೂಗಿದರೆ ಅವರಿಗೆ ಒಳಗೊಳಗೇ ಖುಷಿ.

ಅವತ್ತು ನಮ್ಮ ಮಾವನವರ ಶ್ರಾದ್ಧ. ಪುರೋಹಿತರು ಎಲ್ಲಿಂದ ಬರಬೇಕು ಆ ಜೋಳದ ಸೀಮೆಗೆ? ಮೈಸೂರಿನ ಶಾಸ್ತ್ರಿಗಳು ಮಂತ್ರವನ್ನೆಲ್ಲ ಕ್ಯಾಸೆಟ್ಟಿನಲ್ಲಿ ಹೇಳಿ ಕಳಿಸಿದ್ದರು. ಯಜಮಾನರು ಮಡಿಯುಟ್ಟು ಬೇಸ್‌ಮೆಂಟಿನಲ್ಲಿ ಟೇಪ್ ರೆಕಾರ್ಡರಿನ ಮುಂದೆ ಕೂರುವುದು, ಶಾಸ್ತ್ರಿಗಳು ಅದರೊಳಗಿಂದ 'ಈಗ ಎಳ್ಳು ಬಿಡಿ' ಎನ್ನುವುದು, ಇವರು ಬಿಡುವುದು. ನಾನು ಮೇಲೆ ಅಡುಗೆಮನೆಯಲ್ಲಿ ಒದ್ದೆ ಸೀರೆಯಲ್ಲಿ ವಡೆ ಕರಿಯುತ್ತಿದ್ದೆ. ಕೆಳಗಿಳಿಯುವ ಮೊದಲು ಅವರು ಒಂದು ಮಾತು ಹೇಳಿದ್ದರು.

"ಎಮರ್ಜೆನ್ಸಿ ಏನಾದ್ರೂ ಬಂದ್ರೆ ಕೂಗು, ಲಲಿತಾ. ಕ್ಯಾಸೆಟ್ ನಿಲ್ಸಿ ಬರ್ತೀನಿ."

ಹೇಳಿದ್ದರು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಮತ್ತೊಂದು ಸುಳ್ಳಾಗುತ್ತದೆ.

ಫೋನ್ ಬಂದಾಗ ಪಿಂಡಪ್ರದಾನದ ಹೊತ್ತು. ಸೆರಗಿನ ತುದಿಯಿಂದ ರಿಸೀವರ್ ಹಿಡಿದೆ. ಆ ಕಡೆ ವಾಲ್ಟರ್ — ನಾಲ್ಕು ಮೈಲಿ ಆಚೆಯ ರೈತರು, ನಮ್ಮ ಬಾಗಿಲಿಗೆ ಟೊಮೇಟೊ ತಂದಿಟ್ಟು ಹೋಗುತ್ತಿದ್ದವರು. ಪಕ್ಕದ ಹೊಲದ ಎಮಿಲ್‌ನ ತೋಳು ತೆನೆ ಕೀಳುವ ಯಂತ್ರಕ್ಕೆ ಸಿಕ್ಕಿದೆ, ಡಾಕ್ಟರು ಬೇಗ ಬರಬೇಕು ಎಂದರು. ನನಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಬ್ಲಡ್ ಎಂಬ ಮಾತು ಬರುತ್ತಿತ್ತು. ಅದನ್ನು ಅವರು ಮೂರು ಸಲ ಹೇಳಿದರು.

"ಡಾಕ್ಟರ್ ನಾಟ್ ಇನ್ ಟೌನ್," ಎಂದೆ.

ಯಾಕೆ? ಹಿಂದಿನ ವರ್ಷವೂ ಶ್ರಾದ್ಧದ ನಡುವೆ ಇಂಥದೇ ಕರೆ ಬಂದು ಇವರು ಅರ್ಧಕ್ಕೇ ಎದ್ದು ಹೋಗಿದ್ದರು. ಎರಡು ತಿಂಗಳಿಗೆ ನನ್ನ ಬಸಿರು ಇಳಿದುಹೋಯಿತು. ಪಿತೃಗಳು ಹಸಿದು ಹೋದರೆ ವಂಶ ಬೆಳೆಯುವುದುಂಟೇ ಎಂದು ಅತ್ತೆಯವರು ಕಾಗದ ಬರೆದಿದ್ದರು. ಆ ಕಾಗದವನ್ನು ಓದಿ ಓದಿ ಮಡಿಕೆಯೇ ಹರಿದಿತ್ತು. ಈಗ ಮತ್ತೆ ನನಗೆ ಐದು ತಿಂಗಳು. ಇದನ್ನು ಕಾರಣವೆಂದು ಹೇಳುತ್ತಿದ್ದೇನೆ, ಕ್ಷಮಿಸಿ ಎಂದಲ್ಲ. ಪಿಂಡ ಮುಗಿಯಲು ಇನ್ನು ಹತ್ತು ನಿಮಿಷ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಹತ್ತು ನಿಮಿಷದ ಮೇಲೆ — ಊರಲ್ಲಿಲ್ಲ ಎಂದುಬಿಟ್ಟಿದ್ದೆನಲ್ಲ, ಈಗ ಹೇಗೆ ಹೇಳಲಿ? ಕ್ಯಾಸೆಟ್ ನಿಲ್ಲಿಸಲು ಒಂದು ಬೆರಳು ಸಾಕಿತ್ತು. ನಾನು ಪಿಂಡವನ್ನು ಹಿತ್ತಲಲ್ಲಿ ಕಾಗೆಗಿಟ್ಟು ಬಂದೆ. ಅಲ್ಲಿ ಕಾಗೆಗೇನು ಬರವೇ, ಕ್ಷಣದಲ್ಲಿ ಮುಟ್ಟಿದವು. ಪಿತೃಗಳು ತೃಪ್ತರಾದರೆಂದು ಕೈಮುಗಿದೆ.

ವಾಲ್ಟರ್ ತಮ್ಮ ಪಿಕಪ್ಪಿನಲ್ಲಿ ಎಮಿಲ್‌ನನ್ನು ಹಾಕಿಕೊಂಡು ಇಪ್ಪತ್ತೆಂಟು ಮೈಲಿ ದೂರದ ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಎಮಿಲ್ ಪ್ರಾಣ ಹೋಯಿತು.

ಸುದ್ದಿ ಸಂಜೆಗೆ ಬಂತು. ಯಜಮಾನರು ನನ್ನನ್ನು ನೋಡಿದರು.

"ಮಧ್ಯಾಹ್ನ ಫೋನ್ ಏನಾದ್ರೂ ಬಂದಿತ್ತೇನೆ?"

"ಇಲ್ವಲ್ಲ."

ನನ್ನ ಮಾತನ್ನು ನಂಬಿ ಅವರು ಊರಿಗೆಲ್ಲ ಹೇಳಿದರು — ನಾನು ಮನೆಯಲ್ಲೇ ಇದ್ದೆ, ಕರೆ ಬರಲಿಲ್ಲ. ಡಾಕ್ಟರು ಸುಳ್ಳು ಹೇಳುವವರಲ್ಲ, ಅದು ಕೌಂಟಿಗೇ ಗೊತ್ತು. ಯಾರೋ ಹೆಂಗಸು ಎತ್ತಿ ಊರಲ್ಲಿಲ್ಲ ಎಂದಳು ಎಂದು ವಾಲ್ಟರ್ ಹೇಳುತ್ತಲೇ ಇದ್ದರು. ಆದರೆ ನಮ್ಮ ಕಾರು ಬೆಳಗಿನಿಂದ ಮನೆಯ ಮುಂದೆ ನಿಂತಿದ್ದನ್ನು ಹತ್ತು ಜನ ನೋಡಿದ್ದರು. ವಾಲ್ಟರಿಗೆ ಬಿಯರಿನ ಅಭ್ಯಾಸವಿತ್ತು. ಕುಡಿದ ಅಮಲಿನಲ್ಲಿ ಯಾವ ನಂಬರು ತಿರುಗಿಸಿದನೋ, ತಿರುಗಿಸಿದನೋ ಇಲ್ಲವೋ, ಸುಮ್ಮನೆ ಹೊತ್ತು ಕಳೆದು ಒಂದು ಜೀವ ತೆಗೆದ — ಊರವರ ತೀರ್ಮಾನ ಇಷ್ಟಾಗಿಹೋಯಿತು. ಎಮಿಲ್ ಹೆಂಡತಿ ಬೇಲಿಯಾಚೆ ಇದ್ದೂ ಸಾಯುವವರೆಗೆ ವಾಲ್ಟರ್ ಜೊತೆ ಮಾತಾಡಲಿಲ್ಲ. ಮೂರು ವರ್ಷಕ್ಕೆ ವಾಲ್ಟರ್ ಹೊಲ ಮಾರಿ ಊರಾಚೆಯ ಟ್ರೇಲರ್ ಮನೆಗೆ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದ ಮಾತಿನಿಂದ ಹೋಗುವುದಕ್ಕೆ ನಮ್ಮಲ್ಲಿ ಗಾದೆಯಿದ್ದರೆ ನನಗೆ ಗೊತ್ತಿಲ್ಲ.

ಮಾರ್ಚಿನಲ್ಲಿ ಸುಧಾ ಹುಟ್ಟಿದಳು. ಅತ್ತೆಯವರು ಕಾಗದ ಬರೆದರು, ನೋಡಿದೆಯಾ ಎಂದು.

ಒಂದು ದಿನ ದಿನಸಿ ಅಂಗಡಿಯಲ್ಲಿ ಮಗುವನ್ನು ಎತ್ತಿಕೊಂಡು ಅಕ್ಕಿ ಎಲ್ಲಿದೆ ಎಂದು ಕೇಳುತ್ತಿದ್ದೆ. ಮುಂದೆ ನಿಂತಿದ್ದ ವಾಲ್ಟರ್ ನನ್ನ ದನಿಗೆ ತಿರುಗಿದರು. ಆ ದನಿ ಅವರಿಗೆ ಗೊತ್ತಿತ್ತು. ನನ್ನನ್ನು ನೋಡಿದರು, ಮಗುವನ್ನು ನೋಡಿದರು, ಟೋಪಿ ತೆಗೆದು ತಲೆಬಾಗಿಸಿ ಹೊರಟುಹೋದರು. ಬೈದಿದ್ದರೆ — ಅಲ್ಲೇ ಎಲ್ಲರ ಮುಂದೆ ಬೈದಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಒಪ್ಪಿಕೊಳ್ಳುತ್ತಿರಲಿಲ್ಲ, ಬಿಡಿ.

ಯಜಮಾನರು ಮತ್ತೆ ಆ ವಿಷಯ ಎತ್ತಲಿಲ್ಲ. ಆದರೆ ಮುಂದಿನ ವರ್ಷದ ಶ್ರಾದ್ಧಕ್ಕೆ ಉದ್ದದ ವೈರು ತಂದು ಫೋನನ್ನು ಬೇಸ್‌ಮೆಂಟಿಗೆ ಇಳಿಸಿ, ದರ್ಭೆಯ ಪಕ್ಕದಲ್ಲೇ ಇಟ್ಟುಕೊಂಡು ಕೂತರು. ಸಾಯುವವರೆಗೂ ಹಾಗೇ ಮಾಡಿದರು.

ಇಷ್ಟಕ್ಕೇ ಮುಗಿದಿದ್ದರೆ ಇಪ್ಪತ್ತೇಳರ ಹುಡುಗಿಯ ಹೆದರಿಕೆ ಎಂದಾದರೂ ಅನ್ನಬಹುದಿತ್ತು. ಎರಡು ವರ್ಷದ ಕೆಳಗೆ ವಾಲ್ಟರ್ ಮಗಳು ಲಿಂಡಾ ನನ್ನನ್ನು ಹುಡುಕಿಕೊಂಡು ಲಿಸ್ಲ್‌ಗೆ ಬಂದಳು. ಟೀಚರಾಗಿ ನಿವೃತ್ತಳಾಗಿ, ಆ ಕೌಂಟಿಯ ಚರಿತ್ರೆಯ ಪುಸ್ತಕ ಬರೆಯುತ್ತಿದ್ದಳು. ಹಳೆಯ ಶಾಲೆಗಳು, ಸ್ಮಶಾನಗಳು, ಸುಂಟರಗಾಳಿ, ಯಾವ ಹೊಲ ಯಾರದಾಗಿತ್ತು ಎಲ್ಲ. ಅದರಲ್ಲಿ ಡಾಕ್ಟರ್ ಹನ್ಸರ್‌ಗೂ ಒಂದು ಪುಟ. ನಾನು ಕೊಟ್ಟ ಕಾಫಿ ಕುಡಿದು, ಒಂದು ಗಂಟೆ ರೆಕಾರ್ಡ್ ಮಾಡಿಕೊಂಡು, ಏಳುವ ಮುಂಚೆ ಮೆಲ್ಲಗೆ ಕೇಳಿದಳು — ಆ ದಿನ ನಮ್ಮಪ್ಪ ನಿಮ್ಮ ಮನೆಗೆ ಫೋನ್ ಮಾಡಿದ್ದರೇ? ವಾಲ್ಟರ್ ತೀರಿಕೊಂಡು ಆಗಲೇ ಹದಿನೈದು ವರ್ಷವಾಗಿತ್ತು. ನನ್ನನ್ನು ಹಿಡಿದು ಶಿಕ್ಷಿಸುವವರು ಯಾರೂ ಉಳಿದಿರಲಿಲ್ಲ. ಆದರೂ ನೆನಪಿಲ್ಲ ಎಂದೆ. ಅವಳು ನನ್ನ ಕೈ ತಟ್ಟಿ, ಪರವಾಗಿಲ್ಲ, ಎಷ್ಟು ವರ್ಷವಾಯಿತು ಎಂದಳು.

ಅಚ್ಚಿಗೆ ಹೋಗುವ ಮೊದಲು ಅವಳು ಆ ಪುಟದ ಕರಡನ್ನು ಅಂಚೆಯಲ್ಲಿ ಕಳಿಸಿದಳು. ತಪ್ಪಿದ್ದರೆ ತಿದ್ದಿ ಎಂದು ಒಂದು ಚೀಟಿ. ಮೇಲೆ ಯಜಮಾನರ ಫೋಟೋ, ಕೆಳಗೆ ಅವರ ಕಥೆ. ಅದರ ಕೆಳಗೆ ಎಮಿಲ್ ಸಾವು. ಅದರ ಕೊನೆಯಲ್ಲಿ ಲಿಂಡಾ ತನ್ನ ಕೈಯಾರೆ ಬರೆದಿದ್ದಳು: ವಾಲ್ಟರ್ ಡಾಕ್ಟರಿಗೆ ಕರೆ ಮಾಡಿದ್ದಕ್ಕೆ ಯಾವ ಸಾಕ್ಷಿಯೂ ಸಿಕ್ಕಿಲ್ಲ. ಹೆತ್ತ ತಂದೆಯ ಬಗ್ಗೆ. ಪ್ರಾಮಾಣಿಕಳಾದ ಹುಡುಗಿ, ಇನ್ನೇನು ಬರೆಯಬೇಕಿತ್ತು?

ನಾನು ಕೆಂಪು ಪೆನ್ನು ಹಿಡಿದು ಹನ್ಸರ್ ಎಂದಿದ್ದಲ್ಲೆಲ್ಲ ಹುಣಸೂರು ಎಂದು ಸರಿಯಾಗಿ ತಿದ್ದಿದೆ. ಇದು ಊರಿನ ಹೆಸರು, ಅವರ ಹೆಸರು ರಾಮಚಂದ್ರ ಎಂದು ಅಂಚಿನಲ್ಲಿ ಬರೆದೆ. ಕೆಳಗಿನ ಸಾಲನ್ನು ಎರಡು ಸಲ ಓದಿದೆ. ಕರಡನ್ನು ಮಡಿಸಿ, ಲಕೋಟೆಗೆ ಹಾಕಿ, ಸುಧಾಳ ಕೈಯಲ್ಲಿ ಪೋಸ್ಟ್ ಮಾಡಿಸಿದೆ.

ಪುಸ್ತಕ ಕಳೆದ ತಿಂಗಳು ಬಂತು. ಚೆನ್ನಾಗಿದೆ. ನಮ್ಮವರ ಹೆಸರಿನಲ್ಲಿ ಒಂದಕ್ಷರ ತಪ್ಪಿಲ್ಲ.

ಸುಧಾಳಿಗೆ ಮೊದಲು ಹೇಳಿದೆ. ಬಿಟ್ಬಿಡಮ್ಮ, ಅವರೆಲ್ಲ ಹೋದ್ರು, ಈಗ ಹೇಳಿ ಯಾರಿಗೇನು ಲಾಭ ಎಂದಳು. ನನ್ನ ಮಗಳು, ನಾನು ಬೆಳೆಸಿದವಳು. ಅವಳ ಮಾತು ಕೇಳಿದ ಮೇಲೇ ನನಗೆ ನಿಜವಾಗಿ ಹೆದರಿಕೆಯಾಯಿತು.

ಇವತ್ತು ಬೆಳಿಗ್ಗೆ ಲಿಂಡಾಗೆ ಫೋನ್ ಮಾಡಿದೆ. ನಿಮ್ಮ ತಂದೆ ಕರೆ ಮಾಡಿದ್ದರು, ಎತ್ತಿದವಳು ನಾನು, ಡಾಕ್ಟರು ಮನೆಯಲ್ಲೇ ಇದ್ದರು ಎಂದೆ. ಕಾಗದದಲ್ಲಿ ಬರೆದು ಸಹಿ ಹಾಕಿ ಕಳಿಸುತ್ತೇನೆ, ಲೈಬ್ರರಿಯಲ್ಲಿರುವ ಪುಸ್ತಕದೊಳಗೆ ಅಂಟಿಸು ಎಂದೆ. ಶ್ರಾದ್ಧದ ಬಗ್ಗೆ, ಬಸಿರಿನ ಬಗ್ಗೆ ನಾನು ಹೇಳಲಿಲ್ಲ. ಅವಳೂ ಯಾಕೆ ಎಂದು ಕೇಳಲಿಲ್ಲ. ಕೇಳಿದ್ದು ಒಂದೇ. ಇಂಗ್ಲಿಷಿನಲ್ಲಿ ಕೇಳಿದಳು, ಚಿಕ್ಕ ಹುಡುಗಿಯ ದನಿಯಲ್ಲಿ.

"ಅಪ್ಪ ಆಗ ಕುಡಿದಿದ್ದರಾ?"

ಅಪ್ಪನ ಮಾತನ್ನು ಅವಳೂ ನಂಬಿರಲಿಲ್ಲ. ನಲವತ್ತೈದು ವರ್ಷ. ಅವರನ್ನು ಮಣ್ಣು ಮಾಡುವಾಗಲೂ ನಂಬಿರಲಿಲ್ಲ.

"ಇಲ್ಲ," ಎಂದೆ. "ಅಳುತ್ತಿದ್ದರು."

ಲಿಂಡಾ ಫೋನ್ ಇಟ್ಟಳು. ಡಾಕ್ಟರು ಊರಲ್ಲಿಲ್ಲ ಎಂದ ಮೇಲೆ ಅಂದು ವಾಲ್ಟರ್ ಫೋನ್ ಇಟ್ಟದ್ದೂ ಹೀಗೇ.