ಗೇಟಿನಾಚೆಗೆ ಊರನ್ನೆಲ್ಲ ಉಡಿಸಿ ಕಳಿಸುವ ನೆರಿಗೆಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜೆರಾಕ್ಸ್ ಅಂಗಡಿಯ ಪಕ್ಕ, ಮಹಡಿ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಆಗಲೇ ಇಸ್ತ್ರಿಪೆಟ್ಟಿಗೆ ಹಬೆ ಬಿಡುತ್ತಿದೆ. ಒಬ್ಬ ಯುವಕ ಎರಡೂ ಕೈ ಅಗಲಿಸಿಕೊಂಡು, ಪೊಲೀಸರ ಕೈಗೆ ಸಿಕ್ಕಿಬಿದ್ದವನ ಹಾಗೆ ನಿಂತಿದ್ದಾನೆ. ಅವನೆದುರು ಮಂಡಿಯೂರಿ ಕೂತ ಹೆಂಗಸಿನ ತುಟಿಗಳ ನಡುವೆ ಸಾಲಾಗಿ ಪಿನ್ನುಗಳು. ಮಾತು ಬರುವುದು ಅವುಗಳ ಸಂದಿಯಿಂದಲೇ.

"ಎಲ್ಲಿಗೆ?"

"ಇಂಟರ್‌ವ್ಯೂ ಅಕ್ಕಾ."

"ಪ್ಯಾಂಟನ್ನ ಮೊಣಕಾಲ ತನಕ ಮಡಚ್ಕೋ. ಕೆಳಗಡೆ ಜೀನ್ಸ್ ಇಣುಕಿದ್ರೆ ನಿನ್ನ ಇಂಟರ್‌ವ್ಯೂ ಗೇಟಲ್ಲೇ ಮುಗಿಯತ್ತೆ."

ಯುವಕನಿಗೆ ನಗು ತಡೆಯಲಾಗುವುದಿಲ್ಲ. "ನಗಬೇಡ ಮಾರಾಯ, ಹೊಟ್ಟೆ ಕುಣೀತಿದೆ. ಕೆಲಸ ಸಿಕ್ಕಿದ ಮೇಲೆ ನಗು" ಎಂದು ಗದರಿ, ನಡುಪಟ್ಟಿಯನ್ನು ಒಂದು ಸಲ ಜಗ್ಗಿ, ಬೆನ್ನಿಗೆ ಒಂದು ತಟ್ಟು ತಟ್ಟುತ್ತಾರೆ. ಅಷ್ಟೇ, ಮುಗಿಯಿತು. ಬರುವಾಗ ಕೂದಲು ಕೆದರಿಕೊಂಡು ಬಂದಿದ್ದವನು ಹೋಗುವಾಗ ಮದುವೆ ಗಂಡಿನ ಗತ್ತಿನಲ್ಲಿ ರಸ್ತೆ ದಾಟುತ್ತಾನೆ.

ರಸ್ತೆಯ ಆಚೆಗಿರುವುದು ದೊಡ್ಡ ಸರ್ಕಾರಿ ಕಚೇರಿ. ಈ ದೇಶದ ರಾಷ್ಟ್ರೀಯ ಉಡುಗೆ ಇಲ್ಲದೆ ಅದರೊಳಗೆ ಯಾರಿಗೂ ಪ್ರವೇಶವಿಲ್ಲ. ನೆರಿಗೆ ಹಿಡಿದು ಮೈಗೆ ಸುತ್ತುವ, ಪಾದದ ತನಕ ಇಳಿಯುವ ನಿಲುವಂಗಿ, ಸೊಂಟಕ್ಕೆ ಪಟ್ಟಿ, ಹೆಗಲಿಗೊಂದು ವಸ್ತ್ರ. ಗಂಡಸರಿಗೂ ಹೆಂಗಸರಿಗೂ ಒಂದೇ. ಮರೆತು ಬಂದವರು, ಮನೆಯಲ್ಲಿ ಇಲ್ಲದವರು, ಇದ್ದರೂ ಉಡಲು ಬಾರದವರು, ಎಲ್ಲರೂ ಓಡಿ ಬರುವುದು ಇಲ್ಲಿಗೇ. ದಿನಕ್ಕೆ ನಲವತ್ತೈವತ್ತು ಜನ. ಅವರಿಗೆಲ್ಲ ಇವರು ನೆರಿಗೆಯಕ್ಕ.

ಕೋಣೆಯಲ್ಲಿ ಕನ್ನಡಿ ಇಲ್ಲ. ಬಟ್ಟೆ ಉಡಿಸುವ ಜಾಗದಲ್ಲಿ ಕನ್ನಡಿ ಇಲ್ಲ ಎಂದರೆ ಹೇಗೆ? "ನಮ್ಮತ್ತೆ ತೆಗೆಸಿಬಿಟ್ರು. ಕನ್ನಡಿ ಇದ್ರೆ ಒಬ್ಬೊಬ್ರೂ ಅರ್ಧ ಗಂಟೆ ಮುಖ ನೋಡ್ಕೋತಾರೆ. ಸಾಲಲ್ಲಿ ನಿಂತವರು ನಮ್ಮನ್ನ ಬೈತಾರೆ" ಎನ್ನುತ್ತಾರೆ. ಈ ಕೆಲಸ ಶುರು ಮಾಡಿದವರು ಅತ್ತೆ. ಸೊಸೆ ಮೊದಲೆರಡು ವರ್ಷ ಬರೀ ಪಿನ್ನು ಎತ್ತಿಕೊಡುತ್ತಿದ್ದರಂತೆ. ಅತ್ತೆ ಹೊಗಳಿದ್ದುಂಟಾ ಎಂದರೆ, "ಒಂದಿನ 'ಪರವಾಗಿಲ್ಲ' ಅಂದ್ರು. ನಾನು ಆ ಖುಷಿಗೆ ಅಡುಗೆಗೆ ಎರಡು ಸಲ ಉಪ್ಪು ಹಾಕಿದೆ. ಆಮೇಲೆ ಬೈದ್ರು, ಲೆಕ್ಕ ಸರಿಹೋಯ್ತು."

ಈ ಉಡುಗೆಯನ್ನು ಯಾವಾಗ ಉಡಬೇಕು, ಎಲ್ಲಿಗೆ ಉಡಬೇಕು? ಪ್ರಶ್ನೆ ಕೇಳಿದರೆ ಸಾಕು, ಪಿನ್ನುಗಳು ತುಟಿಯಿಂದ ಡಬ್ಬಿಗೆ ಇಳಿಯುತ್ತವೆ. ಸಾಕ್ಷಿ ಹೇಳಲು ಹೋಗುವವರಿಗೆ ಹೆಗಲವಸ್ತ್ರಕ್ಕೆ ಜಾಸ್ತಿ ಪಿನ್ನು ಬೇಕು, ಗಾಬರಿಯಲ್ಲಿ ಅದನ್ನೇ ಹಿಂಡುತ್ತಿರುತ್ತಾರೆ. ಫೋಟೋಗೆ ಬಿಗಿಯಾಗಿ ಕಟ್ಟಬಹುದು. ಊಟ ಇರುವ ಕಡೆಗೆ ಪಟ್ಟಿಯಲ್ಲಿ ಎರಡು ಬೆರಳು ಆಡಬೇಕು. "ಆಸ್ಪತ್ರೆಗೆ ಮಾತ್ರ ಬೇಡಪ್ಪಾ! ಡಾಕ್ಟ್ರು ಹೊಟ್ಟೆ ಹುಡುಕೋ ಹೊತ್ತಿಗೆ ನೋವೇ ಹೊರಟುಹೋಗಿರತ್ತೆ."

ಒಮ್ಮೆ ಒಬ್ಬ ಜಗಳವಾಡಿ ತವರಿಗೆ ಹೋದ ಹೆಂಡತಿಯನ್ನು ಕರೆತರಲು ಹೊರಟಿದ್ದನಂತೆ. ಮರ್ಯಾದೆಯಾಗಿರಲಿ ಎಂದು ಇಲ್ಲಿಗೆ ಬಂದ. ಅಕ್ಕ ಉಡಿಸಲೇ ಇಲ್ಲ. "ದಿನಾ ಹಾಕೋ ಅಂಗೀಲೇ ಹೋಗು ಅಂದೆ. ಇದನ್ನ ಉಟ್ಕೊಂಡು ಹೋದ್ರೆ ಭಾಷಣ ಮಾಡೋಕೆ ಬಂದಿದಾನೆ ಅಂದ್ಕೋತಾಳೆ." ಹೆಂಡತಿ ಬಂದಳಾ? "ಯಾರಿಗೆ ಗೊತ್ತು! ಅವನಂತೂ ಮತ್ತೆ ಬರಲಿಲ್ಲ. ಅವಳು ಬಂದಿರಬೇಕು ಬಿಡಿ."

ಎಲ್ಲದಕ್ಕಿಂತ ಮುಖ್ಯವಾದದ್ದು ಎದೆಯ ಮೇಲಿನ ಮಡಿಕೆ. ಅದರ ಅಂಚು ಉಟ್ಟವರ ಬಲಗಡೆಗೆ ಬರಬೇಕು. ಎಡಗಡೆಗೆ ಬಂದರೆ ಸಾವಿನ ಮನೆಗೆ ಹೊರಟಿದ್ದಾರೆ ಎಂದರ್ಥ. ಇದರಲ್ಲಿ ಅಕ್ಕನ ಕೈ ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ.

ಇವತ್ತು ಅಕ್ಕ ಸ್ವಲ್ಪ ಚಡಪಡಿಸುತ್ತಿದ್ದಾರೆ. ಮಗಳು ಅಗ್ನಿಶಾಮಕ ದಳಕ್ಕೆ ಆಯ್ಕೆಯಾಗಿದ್ದಾಳೆ. ಹತ್ತೂವರೆಗೆ ಅದೇ ಕಚೇರಿಯ ಸಭಾಂಗಣದಲ್ಲಿ ಪ್ರಮಾಣವಚನ, ಅಪ್ಪ ಅಮ್ಮಂದಿರಿಗೂ ಕರೆ ಇದೆ. ಊರನ್ನೆಲ್ಲ ಆ ಗೇಟಿನೊಳಗೆ ಕಳಿಸಿದ ನೆರಿಗೆಯಕ್ಕ ತಾವು ಮಾತ್ರ ಒಳಗೆ ಕಾಲಿಟ್ಟಿಲ್ಲ. ಕೆಲಸಕ್ಕೆ ಇವರಿಗೆ ಹಳೇ ಅಂಗಿಯೇ ಸರಿ, ನಿಲುವಂಗಿ ಉಟ್ಟು ಮಂಡಿಯೂರಲು ಆಗುವುದಿಲ್ಲ. ಮನೆಯಲ್ಲಿ ಏನಾದರೂ ಕಾರ್ಯಕ್ರಮವಿದ್ದರೆ ಅತ್ತೆಯೇ ಉಡಿಸುತ್ತಿದ್ದರು. ಅತ್ತೆ ಹೋದ ಮೇಲೆ ಉಡುವ ಸಂದರ್ಭವೇ ಬಂದಿಲ್ಲ.

ಒಂಬತ್ತೂವರೆಗೆ ಗಂಡ ಬರುತ್ತಾರೆ. ಸಿಟಿ ಬಸ್ ಓಡಿಸುವ ಡ್ರೈವರ್, ಮಾತು ಕಡಿಮೆ. ಅವರನ್ನು ಅಕ್ಕ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಉಡಿಸಿ ಮುಗಿಸುತ್ತಾರೆ. ಆಮೇಲೆ ಪರದೆ ಎಳೆದು ತಾವೂ ಉಟ್ಟುಕೊಳ್ಳುತ್ತಾರೆ. ನೆರಿಗೆ ಒಂದೊಂದೂ ಸ್ಕೇಲ್ ಇಟ್ಟು ಗೀಚಿದಂತಿದೆ. ಕೋಣೆಗೆ ಬೀಗ ಬೀಳುತ್ತದೆ, ಇಬ್ಬರೂ ರಸ್ತೆ ದಾಟುತ್ತಾರೆ.

ಗೇಟಿನ ಕಾವಲುಗಾರನಿಗೆ ಎಲ್ಲರೂ ಇಟ್ಟಿರುವ ಹೆಸರು ಗಿಡುಗ. ಅವನ ಕಣ್ಣು ತಪ್ಪಿಸಿ ಒಂದು ಗುಂಡಿಯೂ ಒಳಗೆ ಹೋಗುವುದಿಲ್ಲ. ಅಕ್ಕನನ್ನು ನೋಡಿ ಅವನ ಮುಖ ಅರಳಿ, ಮರುಗಳಿಗೆಗೆ ಬಾಡುತ್ತದೆ.

"ಅಕ್ಕಾ... ಮನೇಲಿ ಯಾರಾದ್ರೂ ತೀರ್ಕೊಂಡ್ರಾ?"

"ಬಿಡ್ತು ಅನ್ನೋ! ಮಗಳ ಪ್ರಮಾಣವಚನಕ್ಕೆ ಬಂದಿದೀನಿ."

"ಮತ್ತೆ ಅಂಚು ಎಡಕ್ಕಿದೆ?"

"ಬಲಕ್ಕೇ ಇದೆ, ನೋಡು!"

"ನನ್ನ ಬಲಕ್ಕಿದೆ ಅಕ್ಕಾ. ನಿಮ್ಮ ಬಲಕ್ಕಲ್ಲ."

ಅಕ್ಕ ಬಗ್ಗಿ ನೋಡಿಕೊಳ್ಳುತ್ತಾರೆ. ಹೌದು. ಜೀವನವಿಡೀ ಎದುರಿಗೆ ನಿಂತವರಿಗೆ ಉಡಿಸಿದ ಕೈ ಅದು. ಅವರ ಬಲ ಎಂದರೆ ತನ್ನ ಎಡ ಎಂದೇ ಕಲಿತಿದೆ. ಸ್ವಂತ ಮೈಗೂ ಹಾಗೇ ಸುತ್ತಿಬಿಟ್ಟಿದೆ.

"ಇವತ್ತೊಂದಿನ ಬಿಡೋ."

"ಬೇರೆ ಯಾರಾದ್ರೂ ಆಗಿದ್ರೆ ಬೈದು ಒಳಗೆ ಬಿಡ್ತಿದ್ನೋ ಏನೋ. ಆ ಮಗು ಬೆಂಕಿ ಹತ್ರ ಕೆಲಸ ಮಾಡೋಳು. ಮೊದಲನೇ ದಿನವೇ ತಾಯಿ ಸಾವಿನ ಮಡಿಕೇಲಿ ಬಂದು ಎದುರಿಗೆ ಕೂತ್ರೆ? ಹೋಗಿ ಅಕ್ಕಾ, ಬೇಗ ಕಟ್ಕೊಂಡು ಬನ್ನಿ. ಹತ್ತೂವರೆಗೆ ಸಭಾಂಗಣದ ಬಾಗಿಲು ಹಾಕ್ತಾರೆ."

ಮತ್ತೆ ಕೋಣೆ. ಬಿಚ್ಚಿ ಸುತ್ತುತ್ತಾರೆ, ಎಡಕ್ಕೆ. "ಅಯ್ಯೋ!" ಮತ್ತೆ ಬಿಚ್ಚುತ್ತಾರೆ. ಈ ಸಲ ನಿಧಾನವಾಗಿ, ಬಾಯಲ್ಲಿ ಬಲ ಬಲ ಎನ್ನುತ್ತಲೇ ಶುರು ಮಾಡಿದರೂ ಪಟ್ಟಿ ಬಿಗಿಯುವ ಹೊತ್ತಿಗೆ ಕೈ ತನ್ನ ದಾರಿ ಹಿಡಿದಿರುತ್ತದೆ. "ನೀವ್ ಹೋಗಿ. ಒಬ್ರಾದ್ರೂ ಇರ್ಲಿ ಅವಳಿಗೆ. ನನ್ನ ಕೈಯಲ್ಲಿ ಆಗಲ್ಲ" ಎನ್ನುತ್ತಾ ಅಕ್ಕ ಮತ್ತೆ ಪಟ್ಟಿ ಬಿಚ್ಚುತ್ತಾರೆ.

ಗಂಡ ಹೋಗುವುದಿಲ್ಲ. ಎದುರಿಗೆ ಬಂದು ನಿಲ್ಲುತ್ತಾರೆ. "ಕೈ ಅಗಲಿಸು."

"ನಿಮಗೆ ಬರತ್ತಾ?"

"ಇಷ್ಟು ವರ್ಷ ಕಟ್ಟಿಸ್ಕೊಂಡಿದೀನಲ್ಲ. ಸುಮ್ನೆ ನಿಲ್ಲು."

ಸ್ಟೀರಿಂಗ್ ಹಿಡಿದು ಒರಟಾದ ಕೈಗಳು ಮಡಿಕೆಯನ್ನು ಅಕ್ಕನ ಬಲಕ್ಕೆ ತರುತ್ತವೆ. ಸರಿಯಾದ ಕಡೆಗೇ! ಆದರೆ ನೆರಿಗೆಗಳು ಒಂದರ ಮೇಲೊಂದು ಹತ್ತಿ ಕೂತಿವೆ. ಪಟ್ಟಿ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ.

"ಥೂ, ಏನ್ರೀ ಇದು, ಕಬ್ಬಿನ ಹೊರೆ ಕಟ್ಟಿದ ಹಾಗೆ..." ಅಕ್ಕನ ಕೈ ತಿದ್ದಲು ಹೋಗುತ್ತದೆ.

"ಮುಟ್ಟಬೇಡ. ಮುಟ್ಟಿದ್ರೆ ಮತ್ತೆ ಎಡಕ್ಕೆ ಹೋಗ್ತೀಯ."

ಅಕ್ಕ ಒಂದು ಗಳಿಗೆ ತಮ್ಮ ಸೊಂಟವನ್ನೇ ನೋಡುತ್ತಾ ನಿಲ್ಲುತ್ತಾರೆ. ಇಂಥ ಕಟ್ಟು ಬೇರೆ ಯಾರ ಮೈಮೇಲಾದರೂ ಇದ್ದರೆ ನಡುರಸ್ತೆಯಲ್ಲೇ ನಿಲ್ಲಿಸಿ ಬಿಚ್ಚಿಸುವವರು ಇವರು. ಗೋಡೆ ಗಡಿಯಾರ ನೋಡಿ, ಕೈ ಹಿಂದಕ್ಕೆ ಕಟ್ಟಿಕೊಂಡು ಹೊರಡುತ್ತಾರೆ.

ಗಿಡುಗ ಮೇಲಿಂದ ಕೆಳಗೆ ನೋಡುತ್ತಾನೆ. ತುಟಿ ಕಚ್ಚಿ ನಗು ನುಂಗುತ್ತಾನೆ. "ಬಲಕ್ಕಿದೆ. ಓಡಿ ಅಕ್ಕಾ."

ಬಾಗಿಲು ಮುಚ್ಚುವ ಮುಂಚೆ ಹಿಂದಿನ ಸಾಲಿನಲ್ಲಿ ಎರಡು ಕುರ್ಚಿ ಸಿಗುತ್ತವೆ. ವೇದಿಕೆಯ ಮೇಲೆ ಹೊಸಬರ ಸಾಲು. ಮಗಳ ಸರದಿ ಬಂದಾಗ ಅವಳ ದನಿ ಮೈಕ್ ಇಲ್ಲದೆಯೂ ಕೊನೆಯ ಸಾಲಿಗೆ ಕೇಳುವಷ್ಟು ಗಟ್ಟಿ. ಅಕ್ಕ ಚಪ್ಪಾಳೆ ಹೊಡೆಯುವುದನ್ನೂ ಮರೆತು ಕೂತಿದ್ದಾರೆ.

ಪಕ್ಕದ ಕುರ್ಚಿಯಲ್ಲಿ ಬೇರೆ ಊರಿನಿಂದ ಬಂದ ಒಬ್ಬ ತಾಯಿ. ಆಕೆ ತುಂಬಾ ಹೊತ್ತಿನಿಂದ ಅಕ್ಕನ ನಡುಪಟ್ಟಿಯನ್ನೇ ಗಮನಿಸುತ್ತಿದ್ದವರು, ಕೊನೆಗೆ ತಡೆಯಲಾರದೆ ಬಗ್ಗಿ ಪಿಸುಗುಟ್ಟುತ್ತಾರೆ.

"ತಪ್ಪು ತಿಳ್ಕೋಬೇಡಿ, ಪಟ್ಟಿ ಸೊಟ್ಟಗಿದೆ. ಎದುರಿಗೇ, ಮೆಟ್ಟಿಲ ಕೆಳಗೆ ಒಬ್ರಿದಾರಂತೆ, ತುಂಬಾ ಚೆನ್ನಾಗಿ ಕಟ್ತಾರಂತೆ. ನಮ್ಮ ಮೈದುನ ಹೇಳಿದ್ದ. ಅವರ ಹತ್ರ ಕಟ್ಟಿಸ್ಕೋಬಹುದಿತ್ತು."

ಅಕ್ಕ ವೇದಿಕೆಯಿಂದ ಕಣ್ಣು ಕೀಳುವುದಿಲ್ಲ.

"ಇವತ್ತು ಅವರು ಬಾಗಿಲು ಹಾಕಿದಾರೆ" ಎನ್ನುತ್ತಾರೆ. "ಮಗಳ ಕಾರ್ಯಕ್ರಮವಂತೆ."