ಆವರಣದೊಳಗಿನ ಮಾತು

ಮೊನ್ನೆ ನೀನು ಕನ್ನಡ ಪುಸ್ತಕ ಹಿಡಿದು ಅಂಕ, ದೃಶ್ಯ, ಸ್ವಗತ, ರಂಗಸೂಚನೆ ಅಂತ ಉರು ಹೊಡೆಯುತ್ತಿದ್ದೆಯಲ್ಲ ಪುಟ್ಟಿ, ನಾನು ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ರಂಗಸೂಚನೆ ಅಂದರೆ ಏನೆಂದು ಕೇಳಿದೆ. "ಆವರಣದೊಳಗೆ ಇರುತ್ತಲ್ಲ ಅಜ್ಜಿ, ಅದು. ಮಾಡಬೇಕು, ಬಾಯಲ್ಲಿ ಹೇಳಬಾರದು" ಅಂದೆ. ಬಿಡಿಸುತ್ತಿದ್ದ ಕಾಯಿ ಕೈಯಲ್ಲೇ ಉಳಿಯಿತು.

ನೀವ್ಯಾರೂ ನಿಮ್ಮಜ್ಜನನ್ನು ನೋಡಿದವರಲ್ಲ. ಎಪ್ಪತ್ತರ ದಶಕದಲ್ಲಿ ನಾನು ಮದುವೆಯಾಗಿ ಜವನಗೊಂಡನಹಳ್ಳಿ ಕಡೆಯ ಆ ಊರಿಗೆ ಬಂದಾಗ, ಅವರಿಗೆ ಕುರಿ ಬಿಟ್ಟರೆ ನಾಟಕ. ದನಿ ಕೆರೆಯಾಚೆಗೂ ಕೇಳುತ್ತಿತ್ತು. ಅಕ್ಷರ ಮಾತ್ರ ಬಾರದು. ಒಂದು ವರ್ಷ ರಾಜನ ಪಾತ್ರ ಸಿಕ್ಕಿತು. ನಾಲ್ಕನೇ ಕ್ಲಾಸು ಓದಿದ್ದ ನಾನು ಒಂದು ತಿಂಗಳು ದಿನಾ ನಾಟಕದ ಪುಸ್ತಕ ಓದಿ ಹೇಳಿದೆ. ಅಚ್ಚಾದದ್ದನ್ನು ಒಂದಕ್ಷರವೂ ಬಿಡಬಾರದೆಂದು ನಮ್ಮ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ನಾನೂ ಬಿಡಲಿಲ್ಲ. ಅವರು ಕುರಿಗಳ ಹಿಂದೆ ಅದನ್ನೇ ಹೇಳಿಕೊಂಡು ತಿರುಗಿದರು.

ತಾಲೀಮು ಸಂಜೆ ಚಾವಡಿಯಲ್ಲಿ. ಕಲಿಸಲು ಹಿರಿಯೂರಿನಿಂದ ಹಾರ್ಮೋನಿಯಂ ಮಾಸ್ತರು ಬರುತ್ತಿದ್ದರು. ಅವತ್ತು ನಾನು ನೀರಿನ ಕೊಡ ಇಳಿಸಿ ಗೋಡೆ ಮರೆಯಲ್ಲಿ ನಿಂತಿದ್ದೆ. ಇವರು ಎದೆ ಉಬ್ಬಿಸಿ ಶುರು ಮಾಡಿದರು: "ನಸುನಕ್ಕು, ಮಂತ್ರಿಗಳೇ, ಪ್ರಜೆಗಳು ಕ್ಷೇಮವೇ? ಮೀಸೆ ತಿರುವಿ, ನಮ್ಮನ್ನು ಎದುರಿಸುವವರಾರು?"

ಮಾಸ್ತರರ ಕೈ ನಿಂತಿತು. "ಲೇ, ಮೀಸೆ ತಿರುವೋದು ಕಣೋ. ನಮಗ್ಯಾಕೆ ಹೇಳ್ತೀಯ?"

ಚಾವಡಿಯೆಲ್ಲ ನಕ್ಕಿತು. ಆವರಣದೊಳಗಿನದನ್ನು ಬಿಟ್ಟು ಹೇಳಲು ಹೋದರೆ ಇವರಿಗೆ ಮುಂದಿನ ಮಾತೇ ಬರುತ್ತಿರಲಿಲ್ಲ, ಎಲ್ಲ ಒಂದಕ್ಕೊಂದು ಹೆಣೆದುಕೊಂಡಿತ್ತು. ಓದಿ ಹೇಳಿಕೊಟ್ಟವರು ಯಾರೆಂದು ಮಾಸ್ತರು ಕೇಳಿದರು. ಇವರು ಒಮ್ಮೆ ನಾನಿದ್ದ ಕಡೆ ನೋಡಿದರು.

"ಯಾರೂ ಇಲ್ರಿ. ನನ್ನ ತಲೇನೇ ಹಂಗೈತೆ."

ಓದಿದವಳು ನಾನು, ಎಂಟು ದಿನ ಕೊಟ್ಟರೆ ನಾನೇ ತಿದ್ದುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ರಾಜನ ಪಾತ್ರ ಉಳಿಯುತ್ತಿತ್ತೇನೋ. ಅಷ್ಟು ಗಂಡಸರ ಮುಂದೆ ನನಗೆ ದನಿ ಏಳಲಿಲ್ಲ. ಕೊಡ ಎತ್ತಿಕೊಂಡು ಮನೆಗೆ ಬಂದೆ. ಪಾತ್ರ ಬೇರೆಯವರಿಗೆ ಹೋಯಿತು. ಇವರಿಗೆ ಮಾತಿಲ್ಲದ ದ್ವಾರಪಾಲಕನ ವೇಷ. "ಬಿಡು, ಬಾಗಿಲು ಕಾಯೋನಿಗೆ ನಾಟಕ ಹತ್ರದಿಂದ ಕಾಣ್ತೈತೆ" ಅಂದರು. ಮತ್ತೆಂದೂ ಆ ಮಾತು ಎತ್ತಲಿಲ್ಲ. ರಾಜನ ಪಾತ್ರವೂ ಮತ್ತೆಂದೂ ಬರಲಿಲ್ಲ.

ಸ್ವಗತವೆಂದರೆ ಪಾತ್ರ ತನ್ನೊಳಗೇ ಆಡಿಕೊಳ್ಳುವ ಮಾತು ಅಂತ ನೀನು ಓದಿದೆ. ಅದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ನೀರು ಸೇದುವಾಗ, ಮುದ್ದೆ ತಿರುವುವಾಗ, ಅವರು ಹೋದ ಮೇಲೂ, ಆ ಒಂದು ಮಾತನ್ನೇ ಹೇಳಿಕೊಂಡು ಹೇಳಿಕೊಂಡು ಸಾಕಾಗಿದೆ. ಮೊನ್ನೆ ಹೇಗೋ ಬಾಯಿಂದ ಹೊರಗೇ ಬಂತು: "ಮಾಸ್ತರೇ, ಓದಿದವಳು ನಾನು ಕಣ್ರಿ."

"ಯಾವ ಮಾಸ್ತರು ಅಜ್ಜಿ?" ಅಂದೆ ನೀನು. ಆಗ ನಾನು ಇಷ್ಟನ್ನೂ ಹೇಳಿದೆ. ನೀನು ನಿನ್ನ ಪುಸ್ತಕ ನನ್ನ ಕೈಗೆ ಕೊಟ್ಟು, ಈ ನಾಟಕದಲ್ಲೂ ಒಬ್ಬ ರಾಜ ಇದ್ದಾನೆ, ಅವನ ಮಾತು ಓದು ಅಂದೆ. ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದೆ. ಆವರಣ ಬಂದಲ್ಲಿ ನಿಂತೆ. ಅಲ್ಲೂ 'ನಸುನಕ್ಕು' ಅಂತಿತ್ತು. ಅದನ್ನು ಓದಲಿಲ್ಲ. ನಕ್ಕೆನೋ ಇಲ್ಲವೋ, ನೋಡಿದವಳು ನೀನು.