ಒಡ್ಡಿನ ಬುಡದ ಮರಳು

ಈಗಲೂ ಎಲ್ಲಾದರೂ ಮನೆ ಕಟ್ಟುವ ಕಡೆ ಮರಳಿನ ರಾಶಿಗೆ ನೀರು ಹಾಕಿದರೆ, ಆ ತಣ್ಣನೆಯ, ತುಸು ಮೀನಿನಂಥ ವಾಸನೆಗೆ ನನ್ನ ಕಾಲು ನಿಂತುಬಿಡುತ್ತದೆ. ನಿಮಗೂ ಒಂದು ಹೊಳೆಯಿದ್ದು ಅದು ಈಗ ಇಲ್ಲವಾಗಿದ್ದರೆ, ಯಾಕೆಂದು ಕೇಳಲಾರಿರಿ. ನನ್ನ ಹೊಳೆ ಶಿಂಷಾ. ಮದ್ದೂರಿನಿಂದ ಕೆಳಗೆ, ಹೊಳೆಗೆ ಅಡ್ಡಲಾಗಿ ಕಟ್ಟಿದ್ದ ಹಳೆಯ ಕಲ್ಲಿನ ಒಡ್ಡಿನ ಪಕ್ಕದಲ್ಲೇ ನಮ್ಮ ಮನೆ. ಒಡ್ಡು ತಡೆದು ನಾಲೆಗೆ ತಿರುಗಿಸಿದ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿ ನಮ್ಮಪ್ಪ. ನಾಲೆ ನಮ್ಮ ಹಿತ್ತಲಲ್ಲೇ ಹರಿಯುತ್ತಿತ್ತು. ಅವ್ವ ಅದರಲ್ಲಿ ಸೊಪ್ಪು ತೊಳೆಯುವಾಗ ನಾನು ಕಾಲು ಇಳಿಬಿಟ್ಟು ಕೂರುತ್ತಿದ್ದೆ; ಮೀನಿನ ಮರಿಗಳು ಹಿಮ್ಮಡಿಗೆ ಮುತ್ತಿ ಕಚಗುಳಿ ಇಡುತ್ತಿದ್ದವು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ನನಗೆ ಒಂಬತ್ತು. ಮಂಡ್ಯದ ಕಡೆ ಕಟ್ಟಡಗಳು ಏಳತೊಡಗಿದ್ದವು. ಒಡ್ಡಿನ ಬುಡದ ಮರಳು ತೊಳೆದ ಅಕ್ಕಿಯಂತೆ ಸ್ವಚ್ಛ, ಗಾಡಿದಾರಿಗೂ ಹತ್ತಿರ. ಬೇಸಿಗೆಯಿಡೀ ಎತ್ತಿನಗಾಡಿಗಳು ಸಾಲುಗಟ್ಟಿ ಹೊಳೆಗಿಳಿದವು. ಅವುಗಳಲ್ಲಿ ಒಂದು ಚಿಕ್ಕಪ್ಪ ಸಿದ್ದನದು. ಅಪ್ಪನ ತಮ್ಮ, ನಮ್ಮ ಜೊತೆಗೇ ಇದ್ದವನು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದವನು. ಒಂದು ದಿನ ಉಣ್ಣಲು ಕೂತಾಗ ಅಪ್ಪ ಮುದ್ದೆ ಮುರಿಯದೆ ಹೇಳಿದ: "ಸಿದ್ದ, ಒಡ್ಡಿನ ಬುಡ್ದಲ್ಲಿ ತೋಡ್ಬ್ಯಾಡ ಕಣ್ಲಾ. ಅಡಿಪಾಯದ ಕಲ್ಲು ಆಚ್ಗೆ ಬಂದದೆ."

"ನಾನೊಬ್ಬ ಬುಟ್ರೆ ಊರೋರೆಲ್ಲ ಬುಟ್ಟಾರಾ? ಮಳೆ ಬಂದ್ರೆ ಒಳೆ ತಾನೇ ತಂದು ತುಂಬ್ತದೆ ಬುಡಣ್ಣ."

"ಮೇಲಿನ ಮರಳು ಒಡ್ಡಿನ ಹಿಂದೇನೇ ನಿಂತ್ಕತದೆ. ಕೆಳಕ್ಕೆಲ್ಲಿ ಬತ್ತದೆ?"

ಚಿಕ್ಕಪ್ಪ ಅರ್ಧ ಊಟಕ್ಕೇ ಎದ್ದು ಕೈ ತೊಳೆದ. ಅಂದಿನಿಂದ ಅಣ್ಣತಮ್ಮಂದಿರು ಒಟ್ಟಿಗೆ ಉಣ್ಣಲಿಲ್ಲ. ಅವ್ವ ಒಬ್ಬರಿಗೆ ಬಡಿಸಿ, ಇನ್ನೊಬ್ಬರ ಹೆಜ್ಜೆ ಸದ್ದಿಗೆ ಕಿವಿಯಿಟ್ಟು ಕಾಯುತ್ತಿದ್ದಳು. ಅಪ್ಪ ಬೆಳಗಾದರೆ ಬಿದಿರಿನ ಗಳ ಹಿಡಿದು ಹೋಗಿ ಮರಳು ತೆಗೆದ ಗುಂಡಿಯ ಆಳ ನೋಡಿ ಬರುತ್ತಿದ್ದ. ಎಷ್ಟಾಯಿತೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕೃತ್ತಿಕೆ ಮಳೆಯ ಹೊತ್ತು. ನಮ್ಮಲ್ಲಿ ಸುಡು ಬಿಸಿಲು; ಮೇಲೆಲ್ಲೋ ಜೋರು ಮಳೆಯಾಗಿತ್ತು. ಅವ್ವ ದಡದಲ್ಲಿ ಬಟ್ಟೆ ಒಣಹಾಕುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಒಡ್ಡಿನ ಹಿಂದೆ ನೀರು ಕೆಂಪಗೆ ಏರತೊಡಗಿತು. ಕೆಳಗಿದ್ದ ಗಾಡಿಗಳೆಲ್ಲ ದಡ ಹತ್ತಿದವು. ಚಿಕ್ಕಪ್ಪನ ಗಾಡಿ ಮಾತ್ರ ತುಂಬಿದ ಮರಳಿನ ಭಾರಕ್ಕೆ ಹೂತುಕೊಂಡಿತ್ತು. ಅಷ್ಟರಲ್ಲಿ ಒಡ್ಡಿನ ಬುಡದಿಂದ ಕೆಸರುನೀರು ಗುಳುಗುಳು ಉಕ್ಕಿತು. ದಡದ ಮೇಲಿದ್ದ ಅಪ್ಪ ಅದನ್ನು ನೋಡಿದ. "ಸಿದ್ದಾ, ಗಾಡಿ ಬುಟ್ಟು ಮ್ಯಾಕ್ಕೆ ಬಾರ್ಲಾ!" ಎಂದು ಕೂಗುತ್ತಲೇ ಕುಡುಗೋಲು ಹಿಡಿದು ಗುಂಡಿಗೆ ಜಾರಿದ. ಎತ್ತುಗಳ ಕೊರಳ ಹಗ್ಗ ಕೊಯ್ದ. ಎತ್ತುಗಳು ದಡಕ್ಕೆ ನುಗ್ಗಿದವು. ಇಬ್ಬರೂ ಅವುಗಳ ಬಾಲ ಹಿಡಿದೇ ಮೇಲೆ ಬಂದರು. ಅವ್ವ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ಎರಡು ದಿನ ಇತ್ತು. ನಾವು ನೋಡುತ್ತಿದ್ದಂತೆ ಒಡ್ಡಿನ ನಡುಭಾಗ ದಣಿದವರಂತೆ ಕುಸಿದು ಕೂತಿತು. ಆಮೇಲೆ ಹೊಳೆ ಅದರ ಮೇಲೇ ನುಗ್ಗಿತು. ಗಾಡಿ ಎಲ್ಲಿ ಹೋಯಿತೋ ಕಾಣಲಿಲ್ಲ.

ಯಾರೂ ಸಾಯಲಿಲ್ಲ. ಆದರೆ ತಲೆಮಾರುಗಳಿಂದ ಒಡ್ಡಿನ ಹಿಂದೆ ನಿಂತಿದ್ದ ಮರಳೆಲ್ಲ ಕೊಚ್ಚಿಹೋಗಿ, ಹೊಳೆಯ ತಳ ಕೆಳಗಿಳಿದು, ನಾಲೆಯ ಬಾಯಿ ನೀರಿಗೆ ಎಟುಕದಷ್ಟು ಮೇಲೆ ಉಳಿಯಿತು. ಹಿತ್ತಲ ನಾಲೆ ಬಿರುಕುಬಿಟ್ಟಿತು. ಬಾವಿಗೆ ಹಗ್ಗ ಸಾಲದಾಯಿತು. ಜಗಲಿಯಲ್ಲಿ ಚಿಕ್ಕಪ್ಪ ಅಪ್ಪನ ಮುಂದೆ ಕೂತು, "ಒಂದೇಟು ಒಡ್ದುಬುಡಣ್ಣ" ಎಂದು ಅತ್ತ. ಅಪ್ಪ, "ನಾನೂ ನೋಡ್ಕಂಡು ಕುಂತಿದ್ದೆ ಕಣ್ಲಾ" ಎಂದಷ್ಟೇ ಅಂದ.

ಆಮೇಲೆ ಚಿಕ್ಕಪ್ಪ ದಿನಾ ಕಲ್ಲು ಹೊತ್ತು ಒಡ್ಡು ಕುಸಿದ ಜಾಗಕ್ಕೆ ತುಂಬಿದ. ಮುಂದೆ ಬಂದ ಪ್ರವಾಹ ಅದನ್ನೂ ಒಯ್ದಿತು. ನಾವು ಮಳವಳ್ಳಿಯ ಕಡೆ, ಅವ್ವನ ತವರಿಗೆ ಹೊರಟೆವು. ಎಷ್ಟು ಕರೆದರೂ ಅವನು ಬರಲಿಲ್ಲ. ಹೊಸ ಊರಲ್ಲಿ ನೀರು ಹಂಚುವ ಕೆಲಸ ಅಪ್ಪನದಾಗಿರಲಿಲ್ಲ. ಕೆಲವು ಸಲ ಯಾರದೋ ಗದ್ದೆಯ ಬದುವಿನ ಮೇಲೆ ನಿಂತು ನೀರು ಹರಿಯುವುದನ್ನೇ ನೋಡುತ್ತಿದ್ದ. ನಾನು ಹೋಗಿ ಕರೆದರೆ ಬೇಗ ತಿರುಗುತ್ತಿರಲಿಲ್ಲ.